ಸಂಬಳ ಕೊಡದ ಕಂಪನಿ

‘ಅಪ್ಪಾ, ಇಲ್ಲೊಂದು ಕಂಪನಿ ಸೇರಿದೆ’ ಎಂದು ಫೋನಿನಲ್ಲಿ ಹೇಳಿದಾಗ ಅಪ್ಪನ ಮೊದಲ ಪ್ರಶ್ನೆ: ‘ಸಂಬಳ ಎಷ್ಟಂತೆ?’

‘ಸಂಬಳ ಇಲ್ಲಪ್ಪ. ಬೆಂಕಿ ಆರಿಸೋ ಕಂಪನಿ.’

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ಎಂಥ ಕಂಪನಿ ಮಾರಾಯ್ತಿ ಅದು? ಸಾಲ ಮಾಡಿ ಅಷ್ಟು ದೂರ ಕಳಿಸಿದ್ದು ಬೆಂಕಿ ಆರಿಸೋಕಾ?’

ಅಪ್ಪ ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಾನಾಗ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಒಂದು ಸಣ್ಣ ಊರಿನಲ್ಲಿ ಎಂ.ಎಸ್. ಓದುತ್ತಿದ್ದೆ. ಕೋರ್ಸು ಮುಗಿಯಲು ಒಂದು ವರ್ಷ ಉಳಿದಿತ್ತು. ದಿನಕ್ಕೆ ಹತ್ತು ಅರ್ಜಿ ಹಾಕುವುದು, ಬೆಳಿಗ್ಗೆ ಎದ್ದು ‘ವಿಷಾದಿಸುತ್ತೇವೆ’ ಎನ್ನುವ ಮೇಲ್‌ಗಳನ್ನು ಅಳಿಸುವುದು, ಇಷ್ಟೇ ಬದುಕಾಗಿತ್ತು. ಕೆಲಸ ಹುಡುಕುವವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಒಂದು ಶನಿವಾರ ರೂಮಿನಲ್ಲಿ ಕೂರಲಾಗದೆ ಸುಮ್ಮನೆ ನಡೆದು ಹೊರಟೆ. ದಾರಿಯಲ್ಲಿ ಕೆಂಡದ ಮೇಲೆ ಸುಡುತ್ತಿದ್ದ ಕೋಳಿಯ ಪರಿಮಳ. ಫೈರ್ ಸ್ಟೇಷನ್ ಅಂಗಳದಲ್ಲಿ ಊರಿಗೆ ಊರೇ ಸೇರಿತ್ತು. ಟಿಕೆಟ್ ಕೊಡುತ್ತಿದ್ದ ಅಜ್ಜಿಯೊಬ್ಬರು, ‘ಇದು ಹೊಸ ಪಂಪಿಗೆ ದುಡ್ಡು ಕೂಡಿಸಲು’ ಎಂದರು. ಪಕ್ಕದ ಬೋರ್ಡಿನಲ್ಲಿ ‘ಸ್ವಯಂಸೇವಕರು ಬೇಕಾಗಿದ್ದಾರೆ’ ಎಂದಿತ್ತು. ಅಷ್ಟು ತಿಂಗಳಲ್ಲಿ ನಾನು ಬೇಕು ಎಂದ ಮೊದಲ ಬೋರ್ಡು ಅದು!

ಅಲ್ಲಿ ‘ಫೈರ್ ಕಂಪನಿ’ ಎಂದರೆ ವ್ಯಾಪಾರದ ಕಂಪನಿಯಲ್ಲ, ಊರಿನವರೇ ಕಟ್ಟಿಕೊಂಡ ದಳ. ದೊಡ್ಡ ನಗರಗಳಲ್ಲಿ ಸಂಬಳದ ಸಿಬ್ಬಂದಿ ಇರುತ್ತಾರೆ. ಆದರೆ ಇಡೀ ದೇಶದ ಲೆಕ್ಕ ತೆಗೆದರೆ ಬೆಂಕಿ ಆರಿಸುವವರಲ್ಲಿ ಸುಮಾರು ಮೂರನೇ ಎರಡರಷ್ಟು ಜನ ಸ್ವಯಂಸೇವಕರೇ. ಈ ರೂಢಿಗೆ ಹಳೆಯ ಬೇರಿದೆ. 1736ರಲ್ಲಿ ಇದೇ ರಾಜ್ಯದ ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಗೆಳೆಯರು ಯೂನಿಯನ್ ಫೈರ್ ಕಂಪನಿ ಕಟ್ಟಿದರು. ಸದಸ್ಯರು ಮೂವತ್ತು ಜನ. ಪ್ರತಿಯೊಬ್ಬರೂ ಚರ್ಮದ ಬಕೆಟ್ಟು ಮತ್ತು ಸಾಮಾನು ಸಾಗಿಸಲು ಚೀಲಗಳನ್ನು ಸಿದ್ಧವಾಗಿ ಇಟ್ಟಿರಬೇಕು. ತಿಂಗಳಿಗೊಮ್ಮೆ ಸಭೆ, ತಪ್ಪಿಸಿದರೆ ದಂಡ.

ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ವಿಚಾರಿಸಿದೆ. ಸಂಬಳವಿಲ್ಲದ ಸೇವೆಗೆ ಅಡ್ಡಿಯಿಲ್ಲ ಎಂದರು. ಸೇರಿಬಿಟ್ಟೆ.

ಸೇರಿದ ಕೂಡಲೇ ಬೆಂಕಿಗೆ ನುಗ್ಗಲು ಬಿಡುತ್ತಾರೆ ಎಂದುಕೊಂಡಿದ್ದರೆ ಅದು ಸಿನಿಮಾ. ತರಬೇತಿ ನಾಲ್ಕು ಹಂತದ್ದು, ಒಟ್ಟು ನೂರೈವತ್ತು ಗಂಟೆಗೂ ಹೆಚ್ಚು. ಎಲ್ಲ ಸಂಜೆ ಮತ್ತು ವಾರಾಂತ್ಯದಲ್ಲಿ. ಜಾಕೆಟ್, ಪ್ಯಾಂಟು, ಬೂಟು, ಹೆಲ್ಮೆಟ್, ಬೆನ್ನಿಗೆ ಸಿಲಿಂಡರ್ ಸೇರಿದರೆ ಭಾರ 20 ಕೆ.ಜಿ. ದಾಟುತ್ತದೆ. ಆ ಸಿಲಿಂಡರಿನಲ್ಲಿ ಇರುವುದು ಆಮ್ಲಜನಕವಲ್ಲ, ಒತ್ತಡದಲ್ಲಿ ತುಂಬಿದ ಮಾಮೂಲಿ ಗಾಳಿ. ಅರ್ಧ ನಿಮಿಷ ಅಲುಗಾಡದೆ ಇದ್ದರೆ ಅದಕ್ಕೆ ಜೋಡಿಸಿದ ಯಂತ್ರ ಕಿರುಚಲು ಶುರು ಮಾಡುತ್ತದೆ, ಬಿದ್ದವರನ್ನು ಹುಡುಕಲಿ ಎಂದು. ಉರಿಯುವ ಮನೆಯೊಳಗೆ ಇಬ್ಬರು ಹೋದರೆ ಅವರನ್ನು ಎಳೆದು ತರಲು ಇಬ್ಬರು ಹೊರಗೆ ಸಜ್ಜಾಗಿ ನಿಂತಿರಬೇಕು. ಒಳಗೆ ಯಾರಿದ್ದಾರೆ ಎಂದು ತಿಳಿಯಲು ಹೆಸರಿನ ಬಿಲ್ಲೆಗಳನ್ನು ಹೊರಗೆ ಒಪ್ಪಿಸಿ ಹೋಗಬೇಕು.

ನಮ್ಮಲ್ಲಿ ಪ್ಲಂಬರ್, ಶಾಲಾ ಬಸ್ ಡ್ರೈವರ್, ಹೈನುಗಾರ, ನರ್ಸ್, ಕಾಲೇಜು ಹುಡುಗರು ಎಲ್ಲ ಇದ್ದರು. ಪೇಜರ್ ಕೂಗಿದರೆ ಊಟದ ತಟ್ಟೆ ಬಿಟ್ಟು ಏಳಬೇಕು. ಹತ್ತರಲ್ಲಿ ಹೆಚ್ಚಿನವು ಸುಳ್ಳು ಅಲಾರಂ, ಯಾರೋ ಹಾಸ್ಟೆಲಿನಲ್ಲಿ ಪಾಪ್‌ಕಾರ್ನ್ ಸುಟ್ಟಿರುತ್ತಾರೆ. ಉಳಿದ ಸಮಯ ಲಾರಿ ತೊಳೆಯುವುದು, ಪೈಪು ಒಣಗಿಸುವುದು, ಬಿಂಗೊ ಆಟ ನಡೆಸಿ ದುಡ್ಡು ಕೂಡಿಸುವುದು. ಕ್ರಿಸ್‌ಮಸ್‌ಗೆ ಸಾಂತಾಕ್ಲಾಸ್ ಬರುವುದೂ ಫೈರ್ ಎಂಜಿನ್ ಮೇಲೇ. ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ‘ನಮ್ಮೂರ ಯುವಕ ಸಂಘದ ಹಾಗೆ ಅನ್ನು’ ಎಂದರು. ಸ್ವಲ್ಪ ಮೆತ್ತಗಾಗಿದ್ದರು.

ಜನವರಿಯ ಒಂದು ರಾತ್ರಿ ಪೇಜರ್ ಕೂಗಿದ್ದು ಸುಳ್ಳಲ್ಲ. ಊರಾಚೆಯ ಎರಡಂತಸ್ತಿನ ಮರದ ಮನೆ. ಅಲ್ಲಿ ರಸ್ತೆಬದಿಯ ನೀರಿನ ಹೈಡ್ರಂಟ್ ಇಲ್ಲ. ಟ್ಯಾಂಕರ್‌ಗಳು ನೀರು ತಂದು ಮಡಚುವ ತೊಟ್ಟಿಗೆ ಸುರಿಯುತ್ತವೆ, ಅಲ್ಲಿಂದ ಪಂಪು ಎಳೆಯುತ್ತದೆ. ನನಗೆ ಒಳಗೆ ಹೋಗುವ ಅರ್ಹತೆ ಇನ್ನೂ ಬಂದಿರಲಿಲ್ಲ. ನನ್ನ ಕೆಲಸ ಒಂದೇ: ಪೈಪು ಎಲ್ಲೂ ಮಡಚದಂತೆ ನೋಡಿಕೊಳ್ಳುವುದು.

ನಾನು ನೋಡಿದ್ದು ಪೈಪನ್ನಲ್ಲ, ಬೆಂಕಿಯನ್ನು. ಮಹಡಿಯ ಕಿಟಕಿಯಿಂದ ನಾಲಿಗೆ ಚಾಚಿದ್ದ ಅದನ್ನು ನೋಡುತ್ತಾ ನಿಂತುಬಿಟ್ಟೆ. ಯಾರೋ ಬಂದು ನನ್ನ ಭುಜ ಹಿಡಿದು ಪಕ್ಕಕ್ಕೆ ತಳ್ಳಿದರು. ನನ್ನ ಬೂಟಿನ ಪಕ್ಕದಲ್ಲೇ, ಮೆಟ್ಟಿಲ ಮೂಲೆಯಲ್ಲಿ ಪೈಪು ಮಡಚಿಕೊಂಡಿತ್ತು. ಒಳಗಿದ್ದ ಇಬ್ಬರ ನೀರು ಸಣ್ಣದಾಗಿತ್ತು. ಎಷ್ಟು ಹೊತ್ತು? ಕೆಲವೇ ಸೆಕೆಂಡು ಎಂದರು ಎಲ್ಲರೂ. ನನಗೆ ಈಗಲೂ ಅದು ಕೆಲವೇ ಸೆಕೆಂಡು ಅನ್ನಿಸುವುದಿಲ್ಲ. ಇಬ್ಬರೂ ಸುರಕ್ಷಿತವಾಗಿ ಹೊರಬಂದರು. ಮಹಡಿ ಹೋಯಿತು, ಕೆಳಗಿನ ಮನೆ ಉಳಿಯಿತು.

ಕಂಬಳಿ ಹೊದ್ದು ಅಂಗಳದಲ್ಲಿ ನಿಂತಿದ್ದ ಮನೆಯೊಡತಿಯನ್ನು ಆಮೇಲೆ ನೋಡಿದೆ. ನನಗೆ ಕೋಳಿಯ ಟಿಕೆಟ್ ಕೊಟ್ಟಿದ್ದ ಅದೇ ಅಜ್ಜಿ!

ಮರುದಿನ ಬಯ್ಯುತ್ತಾರೆ, ಬಹುಶಃ ತೆಗೆದೇ ಹಾಕುತ್ತಾರೆ ಎಂದುಕೊಂಡು ಹೋದೆ. ಚೀಫ್ ಬಯ್ಯಲಿಲ್ಲ. ಮುಂದಿನ ಅಭ್ಯಾಸದ ದಿನ ಇಪ್ಪತ್ತು ಸಲ ನನ್ನಿಂದಲೇ ಪೈಪು ಎಳೆಸಿ, ಮಡಿಕೆ ಬಿಡಿಸಿಸಿದರು. ‘ಸಣ್ಣ ಕೆಲಸ ಎಂದು ಇಲ್ಲಿ ಯಾವುದೂ ಇಲ್ಲ. ನಿನ್ನದನ್ನು ನೀನು ಮಾಡುತ್ತೀಯ ಎಂದು ನಂಬಿಯೇ ಅವರು ಒಳಗೆ ಹೋಗುವುದು’ ಎಂದರು, ಅಷ್ಟೆ.

ಆ ಮಾತು ಕೇಳಿ ನನಗೆ ನೆನಪಾದದ್ದು ಗೌರಿ.

ನಾನು ಆರನೇ ತರಗತಿಯಲ್ಲಿದ್ದಾಗ, ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಕೊಟ್ಟಿಗೆಗೆ ಬೇಸಿಗೆಯಲ್ಲಿ ಬೆಂಕಿ ಬಿದ್ದಿತ್ತು. ಪಕ್ಕದ ಹುಲ್ಲಿನ ಬಣವೆಯಿಂದ ಹಾರಿದ ಕಿಡಿ. ಊರವರೆಲ್ಲ ಓಡಿಬಂದರು. ಕರೆಂಟಿರಲಿಲ್ಲ, ಹತ್ತಾರು ಜನ ಬಾವಿಗೆ ಮುಗಿಬಿದ್ದು ಕೊಡಗಳಲ್ಲಿ ನೀರು ಹೊತ್ತರು. ಪೇಟೆಯಿಂದ ಅಗ್ನಿಶಾಮಕ ವಾಹನ ಆ ಘಟ್ಟದ ರಸ್ತೆಯಲ್ಲಿ ಬರುವ ಹೊತ್ತಿಗೆ ಉಳಿದದ್ದು ಬೂದಿ. ಮನೆ ಉಳಿಯಿತು, ಗೌರಿ ಉಳಿಯಲಿಲ್ಲ. ಅವಳ ಕಣ್ಣಿ ಬಿಚ್ಚಿರಲಿಲ್ಲ. ಅಪ್ಪ ಅಂದುಕೊಂಡದ್ದು ಚಿಕ್ಕಪ್ಪ ಬಿಚ್ಚಿದ್ದಾನೆ ಎಂದು. ಚಿಕ್ಕಪ್ಪ ಅಂದುಕೊಂಡದ್ದು ಅಪ್ಪ ಬಿಚ್ಚಿದ್ದಾರೆ ಎಂದು.

ನಮ್ಮೂರಿನವರಿಗೆ ಮನಸ್ಸಿಗೆ ಕೊರತೆಯಿರಲಿಲ್ಲ. ಧೈರ್ಯಕ್ಕೂ ಇರಲಿಲ್ಲ. ಯಾರು ಏನು ಮಾಡಬೇಕು ಎಂದು ಮೊದಲೇ ಮಾತಾಡಿಕೊಂಡಿರಲಿಲ್ಲ, ಅಷ್ಟೆ. ಫ್ರಾಂಕ್ಲಿನ್ ಕಂಪನಿಯ ಬಕೆಟ್ಟಿನ ಕರಾರಿನ ಅರ್ಥ ನನಗೆ ಆಗ ತಿಳಿಯಿತು.

ಅಜ್ಜಿಯ ಮನೆ ರಿಪೇರಿಗೆ ಮುಂದಿನ ತಿಂಗಳು ಸ್ಟೇಷನ್ ಹಾಲಿನಲ್ಲಿ ಸಹಾಯಾರ್ಥ ಊಟ ಇಟ್ಟೆವು. ಪಾತ್ರೆ ತೊಳೆಯುವ ಕೆಲಸ ನನ್ನದು. ಅಜ್ಜಿ ಅಂದೂ ಟಿಕೆಟ್ ಮೇಜಿನ ಹಿಂದೆಯೇ ಕೂತಿದ್ದರು!

ಎಲ್ಲವೂ ಚಂದ ಎಂದು ಹೇಳಲಾರೆ. 1970ರ ದಶಕದಲ್ಲಿ ಆ ರಾಜ್ಯದಲ್ಲಿ ಸುಮಾರು 3 ಲಕ್ಷ ಸ್ವಯಂಸೇವಕರಿದ್ದರು ಎಂಬ ಅಂದಾಜಿದೆ. 2018ರ ಶಾಸನಸಭೆಯ ಆಯೋಗದ ವರದಿಯ ಹೊತ್ತಿಗೆ ಅದು 38 ಸಾವಿರಕ್ಕೆ ಇಳಿದಿತ್ತು. ದೂರದ ಊರುಗಳಿಗೆ ದುಡಿಯಲು ಹೋಗುವವರು ಹಗಲು ಹೊತ್ತು ಪೇಜರ್‌ಗೆ ಓಡಿಬರಲು ಆಗುವುದಿಲ್ಲ. ನಮ್ಮಲ್ಲೂ ಎಷ್ಟೋ ಮಧ್ಯಾಹ್ನ ಎಂಜಿನ್ ಹೊರಡಲು ಮೂವರೇ ಇರುತ್ತಿದ್ದೆವು.

ಕೆಲಸ? ಅಲ್ಲಿ ಸಿಗಲಿಲ್ಲ. ಬೆಂಗಳೂರಿನಲ್ಲಿ ಸಿಕ್ಕಿತು. ಸಂದರ್ಶನದಲ್ಲಿ ‘ನೀವು ಮಾಡಿದ ಒಂದು ತಪ್ಪು ಹೇಳಿ’ ಎಂದರು. ಪೈಪಿನ ಕಥೆ ಹೇಳಿದೆ. ಪುಸ್ತಕದಲ್ಲಿ ಓದಿ ತಯಾರಾದ ಉತ್ತರಕ್ಕಿಂತ ಅದು ಸಲೀಸಾಗಿ ಬಂತು.

ನಮ್ಮಲ್ಲಿ ಇಂಥ ಕಂಪನಿಗಳಿಲ್ಲ ಎಂದು ಕೈಕಟ್ಟಿ ಕೂರಬೇಕಿಲ್ಲ. ಗೃಹರಕ್ಷಕ ದಳವಿದೆ, ಪೌರರಕ್ಷಣಾ ದಳವಿದೆ. ವಿಪತ್ತಿನಲ್ಲಿ ನೆರವಾಗುವುದನ್ನು ಊರವರಿಗೇ ಕಲಿಸುವ ‘ಆಪದ ಮಿತ್ರ’ ಯೋಜನೆ ಬಂದಿದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಸ್ವಯಂಸೇವಕರು ಅರಣ್ಯ ಸಿಬ್ಬಂದಿಯ ಜೊತೆ ನಿಂತದ್ದು ನಿಮಗೆ ನೆನಪಿರಬಹುದು. ಇಷ್ಟೂ ಆಗದಿದ್ದರೆ 101 ಮತ್ತು 112 ಸಂಖ್ಯೆಗಳನ್ನು ಮನೆಯ ಹಿರಿಯರಿಗೆ ಬಾಯಿಪಾಠ ಮಾಡಿಸಿ. ಮನೆಗೆ ಬೆಂಕಿ ಬಿದ್ದು ಹೊರಗೆ ಓಡುವಾಗ ಬಾಗಿಲು ಎಳೆದುಕೊಳ್ಳಿ. ಮುಚ್ಚಿದ ಬಾಗಿಲು ಹೊಗೆಯನ್ನೂ ಬೆಂಕಿಯನ್ನೂ ತಡೆದು ಸಮಯ ಕೊಡುತ್ತದೆ.

ಕಳೆದ ಬೇಸಿಗೆಗೆ ಊರಿಗೆ ಹೋದಾಗ ನಮ್ಮ ಕೇರಿಯ ಒಂಬತ್ತು ಮನೆಯವರನ್ನು ಜಗಲಿಯಲ್ಲಿ ಕೂರಿಸಿಕೊಂಡೆ. ಫೋನ್ ಮಾಡುವವರು ಯಾರು, ಡೀಸೆಲ್ ಪಂಪು ಯಾರದು, ವಾಹನಕ್ಕೆ ದಾರಿ ತೋರಿಸಲು ರಸ್ತೆಗೆ ಓಡುವವರು ಯಾರು, ಮಕ್ಕಳು ಮತ್ತು ವಯಸ್ಸಾದವರ ಜವಾಬ್ದಾರಿ ಯಾರಿಗೆ ಎಂದು ಒಂದು ಹಾಳೆಯಲ್ಲಿ ಬರೆದೆವು. ಕೆಲವರು ನಕ್ಕರು. ಅಪ್ಪ ನಗಲಿಲ್ಲ.

ಈಗ ನಮ್ಮ ಕೊಟ್ಟಿಗೆಯ ಬಾಗಿಲ ಕಂಬಕ್ಕೆ ಒಂದು ಕತ್ತಿ ನೇತಾಡುತ್ತಿದೆ. ಸೊಪ್ಪು ಕಡಿಯಲು ಅದನ್ನು ಯಾರೂ ಮುಟ್ಟುವಂತಿಲ್ಲ. ಹಾಳೆಯಲ್ಲಿ ‘ಕಣ್ಣಿ ಕತ್ತರಿಸುವುದು’ ಎಂಬುದರ ಮುಂದೆ ಅಪ್ಪ ತಮ್ಮ ಹೆಸರನ್ನು ತಾವೇ ಬರೆದಿದ್ದಾರೆ.