ಸಾಮಾಜಿಕ ಜಾಲತಾಣ: ಮೆಚ್ಚುಗೆಯ ಲೆಕ್ಕ ಮತ್ತು ಲಾಭದ ಲೆಕ್ಕ

ವ್ಯಾಪಾರಕ್ಕೆ ಪ್ರಚಾರ ಅವಶ್ಯಕವೆಂಬುದು ನಮ್ಮ ವರ್ತಕ ಬಾಂಧವರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಅಂಗಡಿಯ ನಾಮಫಲಕ, ಊರ ಗೋಡೆಯ ಬಣ್ಣದ ಬರಹ, ಜಾತ್ರೆಯಲ್ಲಿ ಹಂಚುವ ಕರಪತ್ರ, ಆಟೋರಿಕ್ಷಾದ ಧ್ವನಿವರ್ಧಕ ಇವೇ ಬಹುಕಾಲ ನಮ್ಮ ಭಾಗದ ಪ್ರಚಾರ ಸಾಧನಗಳಾಗಿದ್ದವು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ ಮೊಬೈಲ್ ಅಂತರ್ಜಾಲದ ದರ ಗಣನೀಯವಾಗಿ ಇಳಿದ ಮೇಲೆ ಪರಿಸ್ಥಿತಿ ಬದಲಾಯಿತು. 2018ರ ಜನವರಿಯಲ್ಲಿ ಸಣ್ಣ ವ್ಯಾಪಾರಿಗಳಿಗೆಂದೇ ‘ವಾಟ್ಸಾಪ್ ಬಿಸಿನೆಸ್’ ಎಂಬ ಉಚಿತ ಆ್ಯಪ್ ಬಂದಿತು. ಇಂದು ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯಂತಹ ಹೋಬಳಿ ಕೇಂದ್ರದ ಎಣ್ಣೆ ಗಾಣದವರೂ ಬಟ್ಟೆ ವ್ಯಾಪಾರಿಯೂ ತಮ್ಮ ಸರಕನ್ನು ಬೆಂಗಳೂರಿನ ಗಿರಾಕಿಗೆ ಕ್ಷಣಮಾತ್ರದಲ್ಲಿ ತೋರಿಸಬಲ್ಲರು. ಮೂರು ಲೋಕಕ್ಕೂ ಸುದ್ದಿ ಮುಟ್ಟಿಸುವ ನಾರದಮುನಿಗಳ ಸನ್ನಿಧಿಯಿರುವ ಊರಿಗೆ ಸುದ್ದಿ ಹರಡುವ ವಿದ್ಯೆ ಅಪರಿಚಿತವೇನಲ್ಲ. ಆದರೆ ಸುದ್ದಿ ಹರಡಿದ ಮಾತ್ರಕ್ಕೆ ಲಾಭ ಬಂದಿತೆಂದು ಭಾವಿಸಬಹುದೇ? ಲೆಕ್ಕಪತ್ರದ ದೃಷ್ಟಿಯಿಂದ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಯಾವ ತಾಣ, ಯಾವ ಕೆಲಸಕ್ಕೆ?

ಎಲ್ಲ ತಾಣಗಳ ಸ್ವಭಾವವೂ ಒಂದೇ ಅಲ್ಲ. ಸುತ್ತಮುತ್ತಲ ಊರುಗಳ ಜನರಿಗೆ ಅಂಗಡಿಯ ಪರಿಚಯ ಮಾಡಿಕೊಡಲು ಫೇಸ್‌ಬುಕ್ ಪುಟ ಅನುಕೂಲಕರ. ಸೀರೆ, ಉಡುಪು, ಲಂಬಾಣಿ ಕಸೂತಿಯಂತಹ ಕಣ್ಣಿಗೆ ಕಂಡು ಮೆಚ್ಚುವ ಸರಕಿಗೆ ಇನ್‌ಸ್ಟಾಗ್ರಾಂ ಹೊಂದುತ್ತದೆ. ಕೃಷಿ ಉಪಕರಣಗಳ ತಯಾರಕರು ಯಂತ್ರ ಕೆಲಸ ಮಾಡುವ ಬಗೆಯನ್ನು ಯೂಟ್ಯೂಬಿನಲ್ಲಿ ತೋರಿಸಿದರೆ ರೈತರಿಗೆ ನಂಬಿಕೆ ಬರುತ್ತದೆ. ಒಮ್ಮೆ ಬಂದ ಗಿರಾಕಿಯೊಡನೆ ಸಂಪರ್ಕ ಉಳಿಸಿಕೊಳ್ಳಲು ವಾಟ್ಸಾಪ್ ಸಾಕು. ನಾಲ್ಕು ತಾಣಗಳಲ್ಲಿ ಅರೆಬರೆ ಇರುವುದಕ್ಕಿಂತ ಒಂದರಲ್ಲಿ ಕ್ರಮಬದ್ಧವಾಗಿರುವುದು ಲೇಸು.

ಪುಟದಲ್ಲಿರುವ ವಿಳಾಸ, ಕೆಲಸದ ವೇಳೆ ಮತ್ತು ದೂರವಾಣಿ ಸಂಖ್ಯೆ ಸರಿಯಾಗಿವೆಯೇ ಎಂಬುದನ್ನೂ ಆಗಾಗ್ಗೆ ನೋಡಬೇಕು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ, 2018ರಲ್ಲಿ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಹಳೆಯ ಜಿಲ್ಲೆಯ ಹೆಸರೇ ಪುಟದಲ್ಲಿ ಉಳಿದಿದ್ದರೆ ದೂರದ ಗಿರಾಕಿಗೂ ಪಾರ್ಸೆಲ್ ತರುವವನಿಗೂ ಗೊಂದಲವಾಗುವುದು ಸಹಜ.

ಒಂದು ಲೆಕ್ಕ ಹಾಕಿ ನೋಡೋಣ

ಜಾಲತಾಣದ ಜಾಹೀರಾತು ಅಗ್ಗವೆಂಬ ಮಾತು ಎಲ್ಲೆಡೆ ಕೇಳಿಬರುತ್ತಿದೆ. ಇದನ್ನು ಅಂಕಿಗಳಲ್ಲಿ ಒರೆಗೆ ಹಚ್ಚೋಣ. ಕೇವಲ ಉದಾಹರಣೆಗಾಗಿ, ಶೇಂಗಾ ಎಣ್ಣೆಯ ಗಾಣ ನಡೆಸುವ ನೋಂದಾಯಿತ ವರ್ತಕರೊಬ್ಬರು ತಿಂಗಳಿಗೆ 6,000 ರೂಪಾಯಿಯ ಜಾಹೀರಾತು ನೀಡಿದರೆಂದು ಇಟ್ಟುಕೊಳ್ಳಿ. ಶೇ. 18ರ ಜಿ.ಎಸ್.ಟಿ. ಸೇರಿ ಅವರ ಕೈಬಿಡುವ ಹಣ 7,080 ರೂಪಾಯಿ. ಸಾವಿರಾರು ಜನ ನೋಡಿದರು, 240 ಮಂದಿ ದರ ವಿಚಾರಿಸಿದರು, 30 ಮಂದಿ ಸರಾಸರಿ 900 ರೂಪಾಯಿಯ ಸರಕು ಕೊಂಡರು. ಶೇ. 20ರ ಲಾಭಾಂಶದಂತೆ ಪ್ರತಿ ಗಿರಾಕಿಯಿಂದ 180 ರೂಪಾಯಿ, ಒಟ್ಟು 5,400 ರೂಪಾಯಿ ದೊರೆಯಿತು. ಜಾಹೀರಾತಿನ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆದರೂ 600 ರೂಪಾಯಿ ನಷ್ಟ; ಪಡೆಯದಿದ್ದರೆ 1,680 ರೂಪಾಯಿ ನಷ್ಟ.

ಆದರೆ ಆ 30 ಜನರಲ್ಲಿ 12 ಮಂದಿ ಮುಂದಿನ ಎರಡು ತಿಂಗಳೂ ಜಾಹೀರಾತಿಲ್ಲದೆ ಅಷ್ಟೇ ಸರಕು ತರಿಸಿಕೊಂಡರೆ ಮತ್ತೆ 4,320 ರೂಪಾಯಿ ಬರುತ್ತದೆ. ಆಗ 600 ರೂಪಾಯಿ ನಷ್ಟದ ಜಾಗದಲ್ಲಿ 3,720 ರೂಪಾಯಿ ಲಾಭ ನಿಲ್ಲುತ್ತದೆ. ಇದರಿಂದ ತಿಳಿಯುವುದೇನೆಂದರೆ, ಜಾಲತಾಣವು ಗಿರಾಕಿಯನ್ನು ಬಾಗಿಲವರೆಗೆ ಕರೆತರುತ್ತದೆ. ಲಾಭ ಹುಟ್ಟುವುದು ಆತ ಎರಡನೆಯ ಸಲ ಬಂದಾಗ. ಆದ್ದರಿಂದ ಲೈಕುಗಳ ಸಂಖ್ಯೆಯನ್ನು ನೋಡಿ ಹಿಗ್ಗುವ ಬದಲು, ಹೊಸ ಗಿರಾಕಿಯೊಬ್ಬನಿಗೆ ತಗುಲಿದ ವೆಚ್ಚವೆಷ್ಟು, ಅವರಲ್ಲಿ ಮರಳಿ ಬಂದವರೆಷ್ಟು ಎಂಬ ಎರಡು ಅಂಕಿಗಳನ್ನು ಪ್ರತಿ ತಿಂಗಳೂ ಬರೆದಿಡಬೇಕು.

ತೆರಿಗೆ ಜಮೆ ದೊರೆಯಬೇಕಾದರೆ ಜಾಹೀರಾತಿನ ಖಾತೆಯಲ್ಲಿ ಸಂಸ್ಥೆಯ ಹೆಸರು ಮತ್ತು ಜಿ.ಎಸ್.ಟಿ. ಸಂಖ್ಯೆಯನ್ನು ನಮೂದಿಸಿರಬೇಕು. ಮಗನ ಅಥವಾ ಅಳಿಯನ ವೈಯಕ್ತಿಕ ಖಾತೆಯಿಂದ ಕೊಟ್ಟ ಜಾಹೀರಾತಿನ ಬಿಲ್ಲು ಸಂಸ್ಥೆಯ ಲೆಕ್ಕಕ್ಕೆ ಬಾರದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಜಮೆ ಇಲ್ಲವೆಂಬುದನ್ನೂ ಗಮನಿಸಬೇಕು.

ಜಾಗ ಬಾಡಿಗೆಯದು

ಒಂದು ಕಾಲದಲ್ಲಿ ಜನಪ್ರಿಯವಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿತು. ಅದನ್ನೇ ನೆಚ್ಚಿಕೊಂಡವರು ವರ್ಷಗಳ ಶ್ರಮದಿಂದ ಕೂಡಿಸಿದ ಹಿಂಬಾಲಕರನ್ನು ಒಮ್ಮೆಲೇ ಕಳೆದುಕೊಂಡರು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್ ಮತ್ತು ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ಜಗತ್ತಿನಾದ್ಯಂತ ಸ್ಥಗಿತಗೊಂಡವು. ಈ ಮೂರೂ ಒಂದೇ ಒಡೆತನದಲ್ಲಿರುವುದರಿಂದ, ಮೂರರಲ್ಲಿದ್ದೇನೆಂಬ ಧೈರ್ಯಕ್ಕೆ ಅರ್ಥವಿಲ್ಲ.

ಆದಕಾರಣ ಗಿರಾಕಿಗಳ ಹೆಸರು, ಊರು, ದೂರವಾಣಿ ಸಂಖ್ಯೆ ಮತ್ತು ಕೊಂಡ ಸರಕಿನ ವಿವರ ನಮ್ಮದೇ ಪುಸ್ತಕದಲ್ಲಿ ಅಥವಾ ಗಣಕಯಂತ್ರದಲ್ಲಿ ಇರಬೇಕು. ರಥೋತ್ಸವಕ್ಕೆಂದು ಚಿಗಟೇರಿಗೋ ಕೊಟ್ಟೂರಿಗೋ ಬಂದು ಸರಕು ಕೊಂಡು ಹೋಗುವ ದೂರದ ಗಿರಾಕಿ ವರ್ಷಕ್ಕೊಮ್ಮೆ ಮಾತ್ರ ಕಾಣುವವನು. ಅವನ ವಿವರ ಬರೆದುಕೊಂಡಿದ್ದರೆ ಉಳಿದ ಹನ್ನೊಂದು ತಿಂಗಳೂ ಆತ ನಮ್ಮ ಗಿರಾಕಿಯೇ. ಆದರೆ ಸಂಖ್ಯೆ ಪಡೆಯುವಾಗ ಆತನ ಒಪ್ಪಿಗೆ ಕೇಳುವುದು ಅಗತ್ಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಯಾಗುವಂತೆ ರೂಪಿತವಾಗಿವೆ.

ಸರಕು ಮತ್ತು ಮಾತು

ಪ್ರಚಾರ ಫಲಿಸಿದಾಗ ಪೂರೈಸುವ ಶಕ್ತಿಯೂ ಇರಬೇಕು. ಕಲಬುರಗಿಯ ಮಹಿಳೆಯರು ಒಟ್ಟುಗೂಡಿ ಜೋಳದ ರೊಟ್ಟಿಗೆ ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರು ಕೊಟ್ಟರು. ದಿನಕ್ಕೆ 3,000ಕ್ಕೂ ಹೆಚ್ಚು ರೊಟ್ಟಿ ತಯಾರಾಗುತ್ತಿರುವುದನ್ನು ಪ್ರಧಾನಿಯವರು 2025ರ ಜೂನ್ ತಿಂಗಳ ‘ಮನ್ ಕೀ ಬಾತ್’ ಭಾಷಣದಲ್ಲಿ ಪ್ರಸ್ತಾಪಿಸಿದರು. ಒಬ್ಬೊಬ್ಬರೇ ಆಗಿದ್ದರೆ ಅಂತರ್ಜಾಲದ ಬೇಡಿಕೆಯನ್ನು ಪೂರೈಸುವುದು ಅವರಿಗೆ ಕಷ್ಟವಾಗುತ್ತಿತ್ತು. ನಮ್ಮ ತಾಂಡಾಗಳ ಕಸೂತಿಗೂ ಹಡಗಲಿಯ ಮಲ್ಲಿಗೆಗೂ ಈ ಮಾರ್ಗ ವಿಚಾರಯೋಗ್ಯ.

ಆಡಿದ ಮಾತು ಎಲ್ಲಿಗೆ ತಲುಪುವುದೆಂಬುದರ ಮೇಲೆ ಮಾತ್ರ ನಮ್ಮ ಹಿಡಿತವಿಲ್ಲ. 2023ರ ಏಪ್ರಿಲ್ 5ರಂದು ಬೆಂಗಳೂರಿಗೆ ತಾಜಾ ಹಾಲು, ಮೊಸರು ತರುವುದಾಗಿ ಅಮುಲ್ ಸಂಸ್ಥೆ ಟ್ವಿಟರಿನಲ್ಲಿ ಹಾಕಿದ ಒಂದು ಸಾಲು, ನಂದಿನಿಯನ್ನು ಉಳಿಸಿ ಎಂಬ ಆಂದೋಲನಕ್ಕೆ ಎಡೆಮಾಡಿತು; ನಂದಿನಿ ಹಾಲನ್ನೇ ಬಳಸುವಂತೆ ಬೆಂಗಳೂರಿನ ಹೋಟೆಲು ಮಾಲೀಕರ ಸಂಘ ತನ್ನ ಸದಸ್ಯರಿಗೆ ಕರೆ ನೀಡಿತು. ಅಷ್ಟು ದೊಡ್ಡ ಸಂಸ್ಥೆಗೇ ಹೀಗಾದರೆ, ಪ್ರತಿಸ್ಪರ್ಧಿಯನ್ನು ಹೀಯಾಳಿಸುವ ಅಥವಾ ಗಿರಾಕಿಯ ದೂರಿಗೆ ಸಿಟ್ಟಿನ ಉತ್ತರ ಬರೆಯುವ ಸಣ್ಣ ವರ್ತಕರು ಎಷ್ಟು ಎಚ್ಚರದಿಂದಿರಬೇಕು!

ತೆರಿಗೆಯ ಮಗ್ಗುಲು

ಸರಕು ಮಾರಾಟಗಾರರಿಗೆ ವಾರ್ಷಿಕ 40 ಲಕ್ಷ, ಸೇವೆ ನೀಡುವವರಿಗೆ 20 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿ.ಎಸ್.ಟಿ. ನೋಂದಣಿ ಕಡ್ಡಾಯವಲ್ಲವೆಂಬುದು ಸಾಮಾನ್ಯವಾಗಿ ಎಲ್ಲರಿಗೂ ತಿಳಿದಿದೆ. ಆದರೆ ತೆರಿಗೆಗೆ ಒಳಪಟ್ಟ ಸರಕನ್ನು ಹೊರರಾಜ್ಯಕ್ಕೆ ಕಳುಹಿಸಿದರೆ ಈ ಮಿತಿ ಅನ್ವಯಿಸುವುದಿಲ್ಲ. ಇನ್‌ಸ್ಟಾಗ್ರಾಂ ನೋಡಿ ರಾಯದುರ್ಗದ ಗಿರಾಕಿ ಕೇಳಿದನೆಂದು ಆಂಧ್ರಕ್ಕೆ ಒಂದು ಡಬ್ಬ ಎಣ್ಣೆ ಪಾರ್ಸೆಲ್ ಮಾಡುವ ಮೊದಲೇ ನೋಂದಣಿ ಆಗಿರಬೇಕು. ನಿಗದಿತ ಕರಕುಶಲ ವಸ್ತುಗಳಿಗೆ ಮಾತ್ರ ಷರತ್ತುಬದ್ಧ ರಿಯಾಯಿತಿ ಇದೆ. ರಾಜಿ ತೆರಿಗೆಯವರು ಹೊರರಾಜ್ಯಕ್ಕೆ ಸರಕು ಮಾರುವಂತೆಯೇ ಇಲ್ಲ. ಜಾಲತಾಣಕ್ಕೆ ರಾಜ್ಯದ ಗಡಿ ಇಲ್ಲ, ತೆರಿಗೆ ಕಾಯ್ದೆಗೆ ಇದೆ.

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯು.ಪಿ.ಐ. ಪಾವತಿಗಳ ಮಾಹಿತಿಯನ್ನು ಆಧರಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿದ್ದು ನೆನಪಿರಬಹುದು. ಹಾಲು, ತರಕಾರಿಯಂತಹ ವಿನಾಯಿತಿ ಪಡೆದ ಸರಕು ಮಾರುವವರ ಮೇಲಿನ ನೋಟಿಸುಗಳನ್ನು ಮುಂದುವರಿಸುವುದಿಲ್ಲವೆಂದು ಮುಖ್ಯಮಂತ್ರಿಗಳು ಅದೇ ತಿಂಗಳು ಪ್ರಕಟಿಸಿದರು. ಆದರೂ ಪಾಠ ಉಳಿದಿದೆ. ಕೈಸಾಲ, ಮನೆಖರ್ಚು ಮತ್ತು ವ್ಯಾಪಾರದ ಹಣ ಒಂದೇ ಖಾತೆಗೆ ಬಂದರೆ ಎಲ್ಲವೂ ವಹಿವಾಟಿನಂತೆ ಕಾಣುತ್ತದೆ. ವ್ಯಾಪಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ, ಪ್ರತಿ ಮಾರಾಟಕ್ಕೂ ಬಿಲ್ಲು, ದಿನದಿನದ ಕಿರ್ದಿ ಇವು ಇದ್ದವರಿಗೆ ಅಂಜಿಕೆಯಿಲ್ಲ.

ಕೊನೆಯದಾಗಿ, ಜಾಲತಾಣದಿಂದ ದೂರ ಉಳಿಯಿರಿ ಎಂಬುದು ಈ ಲೇಖನದ ಆಶಯವಲ್ಲ. ಗಿರಾಕಿಗಳು ಅಲ್ಲಿರುವಾಗ ವರ್ತಕರೂ ಅಲ್ಲಿರಬೇಕಾದುದೇ. ಈ ತಿಂಗಳಿನಿಂದಲೇ ಒಂದು ತಾಣವನ್ನು ಆರಿಸಿಕೊಂಡು, ಜಾಹೀರಾತಿಗೆ ಮಿತಿ ಹಾಕಿಕೊಂಡು, ಗಿರಾಕಿಗಳ ಪಟ್ಟಿಯನ್ನು ಸ್ವಂತ ಪುಸ್ತಕದಲ್ಲಿ ಆರಂಭಿಸಿ ಮೂರು ತಿಂಗಳ ನಂತರ ಲೆಕ್ಕ ನೋಡಿ. ಮರಳಿ ಬಂದ ಗಿರಾಕಿಗಳಿಂದ ವೆಚ್ಚ ಹುಟ್ಟಿದ್ದರೆ ಮುಂದುವರಿಸಿ. ಹುಟ್ಟದಿದ್ದರೆ ಆ ಹಣವನ್ನು ಸರಕಿನ ಗುಣಮಟ್ಟಕ್ಕೆ ಹಾಕುವುದು ಸೂಕ್ತ.