ಫೆರಾರಿಯ ಪಿಕಪ್, ಮುಧೋಳದ ಕಬ್ಬು

ಬಾವಿಯ ದಂಡೆಯಿಂದ ಕಲ್ಲೊಂದನ್ನು ಕೈಬಿಟ್ಟರೆ ಅದರ ವೇಗ ಗಂಟೆಗೆ 100 ಕಿ.ಮೀ. ಮುಟ್ಟಲು 2.8 ಸೆಕೆಂಡ್ ಬೇಕು. ಬಾವಿ 39 ಮೀಟರಾದರೂ ಆಳವಿರಬೇಕು, ಇಲ್ಲದಿದ್ದರೆ ಅಷ್ಟು ವೇಗ ಬರುವ ಮೊದಲೇ ಕಲ್ಲು ತಳ ಸೇರುತ್ತದೆ. ಫೆರಾರಿ ಎಸ್‌ಎಫ್90 ಸ್ಟ್ರಾಡಾಲೆ ಎಂಬ ಕಾರು ನಿಂತಲ್ಲಿಂದ ಅದೇ 100 ಕಿ.ಮೀ. ವೇಗಕ್ಕೆ ಏರುವುದು 2.5 ಸೆಕೆಂಡಿನಲ್ಲಿ. ಭೂಮಿ ಕಲ್ಲನ್ನು ಎಳೆದುಕೊಳ್ಳುವುದಕ್ಕಿಂತ ಬಿರುಸಾಗಿ ಅದು ತನ್ನ ಮಾಲೀಕನನ್ನು ಮುಂದಕ್ಕೆ ತಳ್ಳುತ್ತದೆ.

ಕನ್ನಡ ಪತ್ರಿಕೆಗಳ ಓದುಗರಿಗೆ ಈ ಕಾರಿನ ಪರಿಚಯವಾದದ್ದು ತೆರಿಗೆಯ ದೆಸೆಯಿಂದ. ಮಹಾರಾಷ್ಟ್ರದ ನೋಂದಣಿ ಫಲಕ ಹೊತ್ತು ಬೆಂಗಳೂರಿನಲ್ಲಿ ಓಡುತ್ತಿದ್ದ ಕೆಂಪು ಎಸ್‌ಎಫ್90 ಒಂದನ್ನು 2025ರ ಜುಲೈನಲ್ಲಿ ಸಾರಿಗೆ ಅಧಿಕಾರಿಗಳು ಹಿಡಿದರು. ಮಾಲೀಕರು ಕಟ್ಟಿದ ತೆರಿಗೆ ಸುಮಾರು 1 ಕೋಟಿ 42 ಲಕ್ಷ ರೂಪಾಯಿ. ಆ ದುಡ್ಡಿಗೆ ಮುಧೋಳದಲ್ಲಿ ಎಷ್ಟು ಟ್ರ್ಯಾಕ್ಟರ್ ಬಂದಾವು ಎಂಬ ಲೆಕ್ಕ ಓದುಗರಿಗೇ ಬಿಟ್ಟದ್ದು.

ಇಂಥ ಕಾರನ್ನು ಮೊದಲ ಸಲ ಓಡಿಸುವವರು ಗುಡುಗಿನ ಸದ್ದನ್ನು ನಿರೀಕ್ಷಿಸಿ ಗುಂಡಿ ಒತ್ತುತ್ತಾರೆ. ಏನೂ ಕೇಳಿಸುವುದಿಲ್ಲ. ಎಸ್‌ಎಫ್90 ಹೈಬ್ರಿಡ್ ಕಾರು. 780 ಅಶ್ವಶಕ್ತಿಯ ಪೆಟ್ರೋಲ್ ಇಂಜಿನ್ನಿನ ಜತೆ ಮೂರು ವಿದ್ಯುತ್ ಮೋಟಾರುಗಳಿದ್ದು, ಅವುಗಳ 220 ಸೇರಿ ಒಟ್ಟು 1,000 ಅಶ್ವಶಕ್ತಿ. ಬ್ಯಾಟರಿಯ ಬಲವೊಂದರಿಂದಲೇ 25 ಕಿ.ಮೀ. ವರೆಗೆ ಸದ್ದಿಲ್ಲದೆ ಹೋಗಬಲ್ಲದು. ಗೇರ್‌ಬಾಕ್ಸಿನಲ್ಲಿ ರಿವರ್ಸ್ ಗೇರೇ ಇಲ್ಲ. ಮುಂದಿನ ಗಾಲಿಗಳ ಮೋಟಾರನ್ನು ಉಲ್ಟಾ ತಿರುಗಿಸಿದರೆ ಆಯಿತು, ಕಾರು ಹಿಂದಕ್ಕೆ ಸರಿಯುತ್ತದೆ.

ಆಮೇಲೆ ಬಲಗಾಲು ಪೂರ್ತಿ ಒತ್ತಿದಾಗ ದೇಹಕ್ಕೆ ಏನಾಗುತ್ತದೆ? ನಾವು ವೇಗವನ್ನು ಅನುಭವಿಸುವುದೇ ಇಲ್ಲ. ಅನುಭವಕ್ಕೆ ಬರುವುದು ವೇಗದ ಬದಲಾವಣೆ. ವಿಮಾನ ಗಂಟೆಗೆ 900 ಕಿ.ಮೀ. ಹೋಗುವಾಗ ಒಳಗಿನವರು ನೆಮ್ಮದಿಯಾಗಿ ಚಹಾ ಕುಡಿಯುತ್ತಾರೆ. ಆದರೆ ಕಾರು ಏಕಾಏಕಿ ಮುಂದೆ ನುಗ್ಗಿದರೆ ಒಳಗಿವಿ ಎಚ್ಚರಗೊಳ್ಳುತ್ತದೆ. ಅಲ್ಲಿ ಲೋಳೆಯಂಥ ಪದರದ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳಿವೆ. ತಲೆ ಮುಂದೆ ಹೋದಾಗ ಭಾರದ ಹರಳುಗಳು ಹಿಂದುಳಿಯುತ್ತವೆ, ಅವುಗಳ ಅಡಿಯ ಕೂದಲ ಕೋಶಗಳು ಬಾಗುತ್ತವೆ, ಮಿದುಳಿಗೆ ಸುದ್ದಿ ಮುಟ್ಟುತ್ತದೆ. ತಲೆಯನ್ನು ಸುಮ್ಮನೆ ಹಿಂದಕ್ಕೆ ವಾಲಿಸಿದಾಗಲೂ ಹರಳುಗಳು ಹಾಗೆಯೇ ಸರಿಯುವುದರಿಂದ ಮಿದುಳು ಮೋಸಹೋಗುತ್ತದೆ. ಪಕ್ಕದ ಸೀಟಿನವರು ಕಣ್ಣು ಮುಚ್ಚಿ ಕೂತರೆ ಕಾರು ಮೂತಿ ಎತ್ತಿ ಆಕಾಶಕ್ಕೆ ಏರಿದಂತೆ ಭಾಸವಾಗುವುದು ಇದೇ ಕಾರಣಕ್ಕೆ. ವಿಮಾನವಾಹಕ ಹಡಗುಗಳಿಂದ ರಾತ್ರಿ ಹಾರುವ ಪೈಲಟ್‌ಗಳಿಗೆ ಈ ಭ್ರಮೆ ಜೀವಕ್ಕೇ ಅಪಾಯ. ಮೂತಿ ಅತಿಯಾಗಿ ಎದ್ದಿದೆ ಎಂದುಕೊಂಡು ಅವರು ಅದನ್ನು ಕೆಳಗೆ ಒತ್ತಿಬಿಡಬಹುದು, ಕೆಳಗಿರುವುದು ಸಮುದ್ರ.

ಇದೇ ಕಾರು ಜಮಖಂಡಿಯಿಂದ ಮುಧೋಳದ ಕಡೆ ಹೊರಟರೆ ಅದರ ಆಟ ಹೆಚ್ಚು ಹೊತ್ತು ನಡೆಯದು. ಕಬ್ಬು ನುರಿಸುವ ಹಂಗಾಮಿನಲ್ಲಿ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳದೇ ದರ್ಬಾರು. ಊರೂರಿಗೂ ಹಂಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯಂತೆ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಊರವರೇ ರಾತ್ರೋರಾತ್ರಿ ಹಾಕಿಕೊಂಡ ಹಂಪಿಗೆ ಆ ಅಳತೆಯ ಹಂಗಿಲ್ಲ, ನೆಲಕ್ಕೆ ಅಂಟಿದಂತಿರುವ ಸೂಪರ್‌ಕಾರಿನ ಹೊಟ್ಟೆಗೆ ಅದರಿಂದ ಉಳಿಗಾಲವೂ ಇಲ್ಲ.

ಅದು ಈ ರಸ್ತೆಗೆ ಬಾರದಿದ್ದರೂ ಈ ಸೀಮೆಯ ಕಬ್ಬು ಅದರ ಟ್ಯಾಂಕಿಗೆ ಹೋಗಬಲ್ಲದು. ಮುಧೋಳದ ನಿರಾಣಿ ಶುಗರ್ಸ್, ಸಮೀರವಾಡಿಯ ಗೋದಾವರಿ ಬಯೋರಿಫೈನರೀಸ್ ಸಕ್ಕರೆಯ ಜತೆಗೆ ಎಥೆನಾಲ್ ಕೂಡ ತಯಾರಿಸುತ್ತವೆ. ಕಾಯಿಸಿದರೆ ಮಹಾಲಿಂಗಪುರದ ಬೆಲ್ಲವಾಗುವ ಅದೇ ಕಬ್ಬಿನ ಹಾಲಿಗೆ ಇಲ್ಲಿ ಯೀಸ್ಟ್ ಬೀಳುತ್ತದೆ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರ ಬಿಡುತ್ತದೆ. ಎಷ್ಟು ಬಟ್ಟಿ ಇಳಿಸಿದರೂ ಶೇ 4ರಷ್ಟು ನೀರು ಹಟ ಹಿಡಿದು ಉಳಿಯುತ್ತದೆ. ಅದನ್ನು ನೀರಿನ ಅಣುಗಳನ್ನಷ್ಟೇ ಹಿಡಿದಿಡುವ ಜಿಯೊಲೈಟ್ ಎಂಬ ವಸ್ತುವಿನಿಂದ ತೆಗೆಯುತ್ತಾರೆ. ಒಂದು ಟನ್ ಕಬ್ಬಿನ ಹಾಲಿನಿಂದ ನೇರವಾಗಿ ಮಾಡಿದರೆ 70 ಲೀಟರಿನಷ್ಟು ಎಥೆನಾಲ್. ಎಸ್‌ಎಫ್90ರ ಟ್ಯಾಂಕು 68 ಲೀಟರಿನದು. ಅದಕ್ಕೆ ಶೇ 20 ಎಥೆನಾಲ್ ಬೆರೆತ ಇ20 ಪೆಟ್ರೋಲ್ ತುಂಬಿದರೆ 13.6 ಲೀಟರ್ ಎಥೆನಾಲ್, ಅಂದರೆ ಸುಮಾರು 2 ಕ್ವಿಂಟಲ್ ಕಬ್ಬು. ಮೆಕ್ಕೆಜೋಳ, ಅಕ್ಕಿಗಳಿಂದಲೂ ಎಥೆನಾಲ್ ಬರುತ್ತಿರುವುದರಿಂದ ಎಲ್ಲವನ್ನೂ ಕಬ್ಬಿನ ಖಾತೆಗೆ ಬರೆಯುವಂತಿಲ್ಲ.

ಎಥೆನಾಲ್ ಎಂದರೆ ಮೂಗು ಮುರಿಯುವ ಕಾರುಪ್ರಿಯರು ಸ್ವೀಡನ್ನಿನ ಕೊನಿಗ್ಸೆಗ್ ಜೆಸ್ಕೊ ಕಾರನ್ನು ನೋಡಬೇಕು. ಪೆಟ್ರೋಲಿನಲ್ಲಿ ಅದರ ಶಕ್ತಿ 1,280 ಅಶ್ವಶಕ್ತಿ, ಶೇ 85 ಎಥೆನಾಲ್ ಇರುವ ಇ85 ಹಾಕಿದರೆ 1,600! ಎಥೆನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಹೀರಿ ಇಂಜಿನ್ನಿನೊಳಗಿನ ಗಾಳಿಯನ್ನು ತಂಪಾಗಿಸುತ್ತದೆ. ಆಕ್ಟೇನ್ ಸಂಖ್ಯೆ 108ರ ಆಸುಪಾಸು ಇರುವುದರಿಂದ ಒತ್ತಡ ಏರಿಸಿದರೂ ಹೊತ್ತಿಗೆ ಮೊದಲೇ ಸಿಡಿದು ನಾಕಿಂಗ್ ಆಗುವುದಿಲ್ಲ. ಟರ್ಬೊ ಇನ್ನಷ್ಟು ಗಾಳಿ ತುಂಬಬಹುದು, ಇನ್ನಷ್ಟು ಇಂಧನ ಸುಡಬಹುದು.

ಮೈಲೇಜು ಮಾತ್ರ ಇಳಿಯುತ್ತದೆ. ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿಯ ಮೂರರಲ್ಲಿ ಎರಡು ಪಾಲಷ್ಟೇ ಲೀಟರ್ ಎಥೆನಾಲಿನಲ್ಲಿದೆ. ಆ ಲೆಕ್ಕದಲ್ಲಿ ಇ20ರ ಒಂದು ಲೀಟರಿನಲ್ಲಿ ಶಕ್ತಿ ಶೇ 6ರಿಂದ 7 ಕಡಿಮೆ. ಜೆಸ್ಕೊಗೆ ಸಿಗುವ ಲಾಭ ಬಂಕಿನ ಇ20ರಿಂದ ಮಾಮೂಲಿ ಗಾಡಿಗೆ ಸಿಗುತ್ತದೆಂದು ನಂಬುವುದೂ ಬೇಡ. ಇಂಜಿನ್ ಅದಕ್ಕೆಂದೇ ಸಿದ್ಧವಾಗಿರಬೇಕು. ಎಥೆನಾಲಿಗೆ ಗಾಳಿಯ ತೇವ ಹೀರುವ ಚಾಳಿಯೂ ಇದೆ. ನೀರು ಮಿತಿ ಮೀರಿದರೆ ಎಥೆನಾಲ್ ನೀರಿನೊಂದಿಗೆ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳ ಸೇರುತ್ತದೆ. ವರ್ಷದ ಹೆಚ್ಚಿನ ದಿನ ಶೆಡ್ಡಿನಲ್ಲೇ ನಿಲ್ಲುವ ಸೂಪರ್‌ಕಾರಿಗೆ ಇದು ನಿಜವಾದ ಚಿಂತೆ.

ಮನೆಯಂಗಳದ ಬೈಕಿಗೂ ಈ ಮಾತು ಅನ್ವಯಿಸುತ್ತದೆ. 2023ರ ಏಪ್ರಿಲ್‌ಗಿಂತ ಹಿಂದೆ ತಯಾರಾದ ಗಾಡಿಯಾದರೆ ಅದರ ಕೈಪಿಡಿಯಲ್ಲಿ ಇ20 ಬಗ್ಗೆ ಏನಿದೆ ಎಂದು ಒಮ್ಮೆ ನೋಡಿ. ಮುಂದಿನ ಸರ್ವಿಸ್‌ನಲ್ಲಿ ಪೆಟ್ರೋಲ್ ಪೈಪು, ರಬ್ಬರ್ ಸೀಲುಗಳನ್ನು ಪರೀಕ್ಷಿಸಲು ಮೆಕ್ಯಾನಿಕ್‌ಗೆ ಹೇಳಿ. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕು ಅರ್ಧ ಖಾಲಿ ಬಿಡಬೇಡಿ.