ಬಾಟಲಿಯೊಳಗೆ ಬದುಕಿದ ಜರಿಗಿಡ

ರಬಕವಿ-ಬನಹಟ್ಟಿಯ ನೇಕಾರನಿಗೆ ಒಣಗಾಳಿ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕುಣಿ ಮಗ್ಗದ ತೆಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತವನಿಗೆ ನೆಲದ ತಂಪು ತಾಗುತ್ತದೆ, ಹಾಸಿನ ನೂಲಿಗೂ ತಾಗುತ್ತದೆ. ಆ ಪಸೆ ಆರಿತೋ, ಎಳೆಗಳು ಬಿರುಸಾಗಿ ಪಟಪಟ ಹರಿಯುತ್ತವೆ.

ಅದೇ ಮನೆಯ ಕಟ್ಟೆಯ ಮೇಲೆ ಕುಂಡದಲ್ಲಿ ಒಂದು ಜರಿಗಿಡ ಇಟ್ಟು ನೋಡಿ. ಯುಗಾದಿ ಕಳೆದು ಬಿಸಿಲು 40 ಡಿಗ್ರಿಯತ್ತ ಹೊರಟಾಗ ಎಲೆಯ ಅಂಚು ಮೊದಲು ಕಂದಾಗುತ್ತದೆ, ಆಮೇಲೆ ಸುಟ್ಟ ಹಪ್ಪಳದಂತೆ ಮುರಿಯುತ್ತದೆ. ಜಮಖಂಡಿಯಲ್ಲಾಗಲಿ ಬೀಳಗಿಯಲ್ಲಾಗಲಿ ಇದಕ್ಕೆ ಮನೆಯವರು ಮಾಡುವುದು ಒಂದೇ ಮದ್ದು: ಇನ್ನೊಂದು ತಂಬಿಗೆ ನೀರು. ನೂಲು ಹರಿದರೆ ಗಾಳಿಯನ್ನು ಬೈಯುವ ನಾವು ಎಲೆ ಒಣಗಿದರೆ ಮಾತ್ರ ಬೇರನ್ನೇ ಅನುಮಾನಿಸುತ್ತೇವೆ.

ಗಾಳಿಯ ಮೇಲೆ ಮೊದಲು ಗಟ್ಟಿಯಾಗಿ ಬೆರಳಿಟ್ಟವನು ಲಂಡನ್ನಿನ ಒಬ್ಬ ವೈದ್ಯ, ನಥಾನಿಯಲ್ ವಾರ್ಡ್. ಅವನ ಮನೆ ಹಡಗುಕಟ್ಟೆಗಳ ಹತ್ತಿರದ ವೆಲ್‌ಕ್ಲೋಸ್ ಚೌಕದಲ್ಲಿತ್ತು. ಹಿತ್ತಲಲ್ಲಿ ಕಲ್ಲು ಜೋಡಿಸಿ, ಮೇಲಿಂದ ನೀರು ತೊಟ್ಟಿಕ್ಕುವಂತೆ ಮಾಡಿ, ಜರಿಗಿಡ ಬೆಳೆಸಲು ಹೊರಟ. ಸುತ್ತಲಿನ ಕಲ್ಲಿದ್ದಲ ಹೊಗೆ ಒಂದನ್ನೂ ಉಳಿಸಲಿಲ್ಲ.

1829ರಲ್ಲಿ ಅವನ ಗಮನ ಗಿಡದ ಮೇಲೆ ಇರಲೇ ಇಲ್ಲ. ಪತಂಗವೊಂದು ಹೊರಬರುವುದನ್ನು ನೋಡಲು ಅದರ ಪ್ಯೂಪಾವನ್ನು ಹಸಿ ಮಣ್ಣಿನಲ್ಲಿ ಹೂತು, ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿಟ್ಟು, ಮುಚ್ಚಳ ಹಾಕಿದ್ದ. ಹಗಲು ಕಾವೇರಿದಾಗ ಮಣ್ಣಿನ ನೀರು ಆವಿಯಾಗಿ ಗಾಜಿಗೆ ಹನಿಗಟ್ಟುತ್ತಿತ್ತು, ತಿರುಗಿ ಮಣ್ಣಿಗೇ ಇಳಿಯುತ್ತಿತ್ತು. ಪತಂಗ ಹೊರಬರಲು ಸುಮಾರು ಒಂದು ವಾರ ಇರುವಾಗ ಆ ಮಣ್ಣಿನಿಂದ ಒಂದು ಜರಿಗಿಡವೂ ಒಂದು ಹುಲ್ಲೂ ತಲೆಯೆತ್ತಿದವು. ಹಿತ್ತಲಲ್ಲಿ ವರ್ಷಗಟ್ಟಲೆ ಬೇಡಿಕೊಂಡರೂ ಬಾರದ ಗಿಡ! ಪತಂಗದ ಕತೆ ಅಲ್ಲಿಗೆ ಮುಗಿಯಿತು. ವಾರ್ಡ್ ಬಾಟಲಿಯನ್ನು ಉತ್ತರದ ಕಿಟಕಿಯ ಹೊರಗಿಟ್ಟ. ನೀರು ಹಾಕದೆಯೇ ಅವು ಹೆಚ್ಚುಕಡಿಮೆ ನಾಲ್ಕು ವರ್ಷ ಬದುಕಿದವು. ಹುಲ್ಲು ಒಮ್ಮೆ ಹೂವನ್ನೂ ಬಿಟ್ಟಿತು.

ಎಲೆಯ ಸಣ್ಣ ರಂಧ್ರಗಳಿಂದ ನೀರು ಸದಾ ಆವಿಯಾಗಿ ಹೋಗುತ್ತಿರುತ್ತದೆ. ಗಾಳಿ ಒಣಗಿದ್ದಷ್ಟೂ ಅದರ ಸೆಳೆತ ಜೋರು. ಬೇರು ಏರಿಸುವುದಕ್ಕಿಂತ ಗಾಳಿ ಕುಡಿಯುವುದು ಹೆಚ್ಚಾದರೆ ಮೊದಲು ಸೋಲುವುದು ಎಲೆಯ ತುದಿ. ಬಾಟಲಿಯಲ್ಲಿ ಹೊಗೆಯೂ ಇರಲಿಲ್ಲ, ಆ ಸೆಳೆತವೂ ಇರಲಿಲ್ಲ.

ಸ್ಕಾಟ್ಲೆಂಡಿನ ಮೆಕಾನೊಕಿ ಎಂಬ ಸಸ್ಯಪ್ರಿಯ ಇಂಥದ್ದನ್ನು ಕೆಲವು ವರ್ಷ ಮೊದಲೇ ಮಾಡಿದ್ದನಂತೆ; ಊರಿಗೆ ಹೇಳದ್ದರಿಂದ ಹೆಸರು ವಾರ್ಡ್‌ಗೆ ಹೋಯಿತು. ವಾರ್ಡ್ 1833ರಲ್ಲಿ ಎರಡು ಗಾಜಿನ ಪೆಟ್ಟಿಗೆ ತುಂಬ ಗಿಡಗಳನ್ನು ಆಸ್ಟ್ರೇಲಿಯಾಕ್ಕೆ ಹಡಗಿನಲ್ಲಿ ಕಳಿಸಿದ. ಜೀವಂತ ತಲುಪಿದವು. ವಾಪಸು ಬಂದ ಅಲ್ಲಿನ ಗಿಡಗಳು ಹಾದಿಯಲ್ಲಿ ಹಿಮವನ್ನೂ ಸಮಭಾಜಕದ ಬಿಸಿಲನ್ನೂ ದಾಟಿ ಬಂದಿದ್ದವು. ಹಿಂದೆ ಸಮುದ್ರದ ದಾರಿಯಲ್ಲಿ 20ಕ್ಕೆ 19 ಗಿಡ ಸಾಯುತ್ತಿದ್ದವು, ಈಗ 20ಕ್ಕೆ 19 ಉಳಿಯುತ್ತವೆ ಎಂದು ಲಂಡನ್ನಿನ ನರ್ಸರಿಯ ಲಾಡಿಜಸ್ ಲೆಕ್ಕ ಕೊಟ್ಟ. ಚೀನಾದ ಚಹಾ ಸಸಿಗಳು ಹಿಮಾಲಯದ ತಪ್ಪಲಿಗೆ ಬಂದದ್ದೂ ಇಂಥ ಪೆಟ್ಟಿಗೆಗಳಲ್ಲಿ.

ಹಾಗೆಂದು ಮುಧೋಳದ ಬಿಸಿಲಿನಲ್ಲಿ ಗಾಜಿನ ಪೆಟ್ಟಿಗೆ ಇಟ್ಟರೆ ಗಿಡ ಬೇಯುತ್ತದೆ. ನಮಗೆ ಬೇಕಾದದ್ದು ಕುಣಿ ಮಗ್ಗದ ಉಪಾಯ. ನೆರಳಿನ ಮೂಲೆಯಲ್ಲಿ ಕುಂಡಗಳನ್ನು ಒತ್ತೊತ್ತಾಗಿ ಇಟ್ಟರೆ ಒಂದರ ಉಸಿರಿನ ಪಸೆ ಇನ್ನೊಂದಕ್ಕೆ ಸಿಗುತ್ತದೆ. ಕೆಳಗೆ ಹರಳು ಹರವಿದ ತಟ್ಟೆಯಲ್ಲಿ ಒಂದಿಷ್ಟು ನೀರಿದ್ದರೆ ಇನ್ನೂ ಒಳ್ಳೆಯದು. ಜರಿಗಿಡಕ್ಕೆ ಈ ಮೂಲೆ ಸಾಕು. ಕ್ರೋಟನ್‌ಗೆ ಸಾಲದು, ಬೆಳಕು ಕಡಿಮೆಯಾದರೆ ಅದರ ಕೆಂಪು-ಹಳದಿ ಹೋಗಿ ಬರೀ ಹಸಿರು ಉಳಿಯುತ್ತದೆ. ಹೊಲದ ಎರೆಮಣ್ಣನ್ನೇ ಕುಂಡಕ್ಕೆ ತುಂಬಬೇಡಿ. ಒಣಗಿದರೆ ಬಿರಿಯುವ, ನೆನೆದರೆ ಉಬ್ಬಿ ಗಾಳಿಯಾಡದಂತಾಗುವ ಮಣ್ಣು ಅದು. ಮರಳು, ತೆಂಗಿನ ನಾರಿನ ಪುಡಿ, ಗೊಬ್ಬರ ಬೆರೆಸಲೇಬೇಕು. ತಳದ ತೂತು ಕೊರೆಯದ ಪ್ಲಾಸ್ಟಿಕ್ ಕುಂಡದಲ್ಲಿ ಗಿಡ ನೆಟ್ಟವರನ್ನೂ ನೋಡಿದ್ದೇನೆ.

ವಾರ್ಡನ ಆ ಮೊದಲ ಜೋಡಿ ಸತ್ತದ್ದು ಅವನು ಊರಲ್ಲಿ ಇಲ್ಲದಾಗ. ಮುಚ್ಚಳ ತುಕ್ಕು ಹಿಡಿದು, ಮಳೆನೀರು ಒಳಗಿಳಿಯಿತು. ಬಾಟಲಿಗೆಲ್ಲಿಯ ತೂತು?